ಇಪ್ಪತ್ತನಾಲ್ಕು ಮೈಕ್ರಾನು

ಹರ್ಷದಾ ಆ ಸದ್ದನ್ನು ಮೂರನೆಯ ಸಲ ಕೇಳಿಸಿದಳು. ಒಂಬತ್ತು ದಿನದಿಂದ ಮಾಧುರಿಯ ಸಹಿಗೆ ಕಾಯುತ್ತ ಟೇಬಲ್ಲಿನ ಮೇಲೆ ಬಿದ್ದಿದ್ದ ಕಾಗದದ ಪಕ್ಕದಲ್ಲೇ ಮೊಬೈಲನ್ನಿಟ್ಟು, ಸದ್ದು ಪೂರ್ತಿ ದೊಡ್ಡದು ಮಾಡಿ, ಕೈಕಟ್ಟಿ ನಿಂತಳು. ಔಷಧದ ಕಾರ್ಖಾನೆಯೊಂದರಿಂದ ಯಾರೋ ಹಿಡಿದು ಕಳಿಸಿದ್ದು. ಇವರ ಕಂಪನಿ ಮಾಡಿ ಮಾರಿದ, ಗುಳಿಗೆಯ ಪಟ್ಟಿ ಕತ್ತರಿಸುವ ಯಂತ್ರ ಓಡುವಾಗಿನ ಸದ್ದು. ಟಕ್ ಎನ್ನಬೇಕಾದಲ್ಲಿ ಟಕಟ ಎನ್ನುತ್ತಿತ್ತು. ಅಲಗನ್ನು ಹಿಡಿದು ಮೇಲೆ ಕೆಳಗೆ ಓಡುವ ಉಕ್ಕಿನ ದಂಡ, ಆ ದಂಡ ಒಳಗೆ ಜಾರುವ ಬಳೆಯಂಥ ಕಂಚಿನ ಬುಷ್ಷು, ಇವೆರಡರ ನಡುವೆ ಇರಬೇಕಾದದ್ದಕ್ಕಿಂತ ಒಂದು ಕೂದಲೆಳೆಯ ಕಾಲುಭಾಗದಷ್ಟು ಬಯಲು ಹೆಚ್ಚಿದೆ ಎಂದು ಅದರ ಅರ್ಥ. ಅಷ್ಟೇ ಸಾಕು, ಅಲಗು ಓಲುತ್ತದೆ. ಗೆರೆಯ ಮೇಲೆ ಕತ್ತರಿಸಬೇಕಾದದ್ದು ಗುಳಿಗೆಯ ಮೇಲೇ ಕತ್ತರಿಸುತ್ತದೆ. ಐದು ಯಂತ್ರಗಳು ಹೀಗೆ ಅರ್ಧ ಗುಳಿಗೆಗಳನ್ನು ಉಗುಳುತ್ತಿವೆ ಎಂದು ಹರ್ಷದಾ ಹೇಳುವ ರೀತಿ ಹೇಗಿತ್ತೆಂದರೆ, ಆ ಅರ್ಧ ಗುಳಿಗೆಗಳನ್ನು ಮಾಧುರಿಯೇ ಹಲ್ಲಿನಿಂದ ಕಚ್ಚಿ ಇಟ್ಟಂತೆ.

‘ಅಹೋ ಮಾಧುರಿ ಮ್ಯಾಡಮ್, ಇನ್ನೆಷ್ಟು ಸಲ ಕೇಳ್ತೀರಿ? ಹಾಡೇನು ಇದು?’ ಎಂದಳು ಹರ್ಷದಾ ಮರಾಠಿಯಲ್ಲಿ. ಮೂವತ್ತೊಂದು ವರ್ಷದ ಹುಡುಗಿ, ಗುಣಮಟ್ಟ ವಿಭಾಗದ ಮುಖ್ಯಸ್ಥೆ, ತುರುಬಿಗೆ ಪೆನ್ನು ಸಿಕ್ಕಿಸಿಕೊಂಡು ಅದನ್ನೇ ಹುಡುಕುತ್ತ ತಿರುಗುವವಳು. ‘ಗೇಜು ಪಾಸು ಅನ್ನುತ್ತೆ, ಮಶೀನು ಖಡಖಡ ಅನ್ನುತ್ತೆ. ಯಾರೋ ಒಬ್ಬರು ಸುಳ್ಳು. ನಿಮ್ಮ ಡ್ರಾಯಿಂಗ್ ಹದಿನೆಂಟು ವರ್ಷ ಓಡಿದೆ, ಒಂದು ದೂರು ಬಂದಿಲ್ಲ. ಹೊರಗೆ ಮಾಡಿಸೋಕೆ ಶುರು ಮಾಡಿದ ಹತ್ತೇ ತಿಂಗಳಿಗೆ ಇದು. ಇನ್ನು ಉಳಿದವರು ಯಾರು? ಸಹಿ ಕರಾ ನಾ.’

ಕಾಗದದಲ್ಲಿ ಎರಡೇ ಸಾಲು. ಡ್ರಾಯಿಂಗ್ ಪರಿಶೀಲಿಸಲಾಗಿದೆ, ಸರಿಯಿದೆ. ಮಾಲು ಮಾಡಿಕೊಟ್ಟವರ ಅಳತೆಯ ವರದಿ ನಂಬಲರ್ಹವಲ್ಲ. ಅದರ ಕೆಳಗೆ ಅವಳ ಹೆಸರು ಆಗಲೇ ಅಚ್ಚಾಗಿತ್ತು. ಆ ಹೆಸರಿನ ಮೇಲೆ ಒಂದು ಸಹಿ ಗೀಚಿದರೆ ನರ್‍ಹೆಯ ತಗಡಿನ ಶೆಡ್ಡಿನಲ್ಲಿ ಒಂದೇ ಒಂದು ಗ್ರೈಂಡಿಂಗ್ ಮಶೀನು ಇಟ್ಟುಕೊಂಡು ಈ ದಂಡಗಳನ್ನು ಮಾಡಿಕೊಡುವ ಜೈಭೀಮನ ಹೆಸರು ಕಂಪನಿಯ ಪಟ್ಟಿಯಿಂದ ಹೋಗುತ್ತದೆ. ಸುಳ್ಳು ಅಳತೆ ಬರೆದವನೆಂಬ ಮಾತು ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಕಾತ್ರಜ್ ಘಾಟು ಇಳಿಯುವಷ್ಟರಲ್ಲಿ ಮುಟ್ಟುತ್ತದೆ. ಮಾಧುರಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸುವಂಥದ್ದೇನೂ ಇರಲಿಲ್ಲ. ‘ಸಂಜೆ ಆರಕ್ಕೆ ನನಗೆ ಬೇಕು,’ ಎಂದು ಹರ್ಷದಾ ಮೊಬೈಲು ಎತ್ತಿಕೊಂಡು ಹೋದಳು, ತುರುಬಿನ ಪೆನ್ನು ಹುಡುಕುತ್ತ.

ಹರ್ಷದಾ ಹೋದರೂ ಸದ್ದು ಹೋಗಲಿಲ್ಲ. ಮಾಧುರಿಯ ಕಿವಿಯೇ ಅಂಥದ್ದು, ಒಳಗೆ ಬಿಟ್ಟುಕೊಂಡದ್ದನ್ನು ಹೊರಗೆ ಕಳಿಸದು. ಮೂರು ನಾಲ್ಕು ಮೂರು ನಾಲ್ಕು ಎಂದು ನಡೆಯುವ ಪದ್ಯದಲ್ಲಿ ಒಂದು ಮಾತ್ರೆ ಹೆಚ್ಚಾದರೆ ಬೆನ್ನಿನಲ್ಲಿ ಇರುವೆ ಹರಿದ ಹಾಗೆ ಆಗುವುದು ಅವಳಿಗೆ ಹನ್ನೊಂದನೆಯ ವಯಸ್ಸಿನಿಂದಲೇ ಇತ್ತು. ಶ್ರಾವಣದಲ್ಲಿ ಮಠದ ಕಟ್ಟೆಯ ಮೇಲೆ ಅಪ್ಪ ಪುರಾಣದ ಪದ್ಯ ಹಾಡುತ್ತಿದ್ದ, ಶಾಸ್ತ್ರಿಗಳು ಅರ್ಥ ಹೇಳುತ್ತಿದ್ದರು, ಇವಳು ಕಂಬಕ್ಕೆ ಒರಗಿ ಕೇಳುತ್ತಿದ್ದಳು. ಅಪ್ಪನ ಕಣ್ಣಿಗೆ ಪೊರೆ ಬಂದ ವರ್ಷ ಅವನು ನಡುನಡುವೆ ಒಂದು ಸಾಲು ಹಾರಿಸಿಬಿಡುತ್ತಿದ್ದ. ಶಾಸ್ತ್ರಿಗಳು ಒಂದು ಸಲವೂ ತಡೆಯಲಿಲ್ಲ. ಹಾರಿದ ಸಾಲಿನ ಅರ್ಥವನ್ನೂ ಸೇರಿಸಿ, ಅದು ಹಾಡಿದ್ದೇ ಎಂಬಂತೆ ಹೇಳಿಬಿಡುತ್ತಿದ್ದರು. ಕೂತ ಮಂದಿ ಕೈಮುಗಿಯುತ್ತಿತ್ತು. ಇವಳೊಬ್ಬಳಿಗೆ ಗೊತ್ತು. ಗೊತ್ತಿದ್ದೂ ಸುಮ್ಮನಿರುವುದೇ ಭಕ್ತಿ, ಹಿರಿಯರ ತಪ್ಪನ್ನು ಮಂದಿಯ ಮುಂದೆ ಬೀಳಗೊಡದೆ ಅಂಗೈಯಲ್ಲಿ ಹಿಡಿಯುವುದೇ ಮರ್ಯಾದೆ ಎಂದು ಅವಳು ಆ ಕಂಬಕ್ಕೆ ಒರಗಿಯೇ ಕಲಿತದ್ದು. ಆಮೇಲೆ ಬೆಳಗಾವಿಯಲ್ಲಿ ಡಿಪ್ಲೊಮಾದಲ್ಲಿ ಕಲಿತದ್ದು ಬೇರೆ. ಯಾವ ದಂಡವನ್ನೂ ಬರೆದ ಅಳತೆಗೆ ಕರಾರುವಾಕ್ಕಾಗಿ ಮಾಡುವುದು ಯಾರಿಗೂ ಸಾಧ್ಯವಿಲ್ಲ, ಅದಕ್ಕೇ ಇಷ್ಟರಿಂದ ಇಷ್ಟರವರೆಗೆ ಎಂದು ಎರಡು ಅಂಚು ಬರೆದುಕೊಡಬೇಕು, ಅಂಚಿನೊಳಗೆ ಎಲ್ಲಿ ಬಿದ್ದರೂ ಸರಿ ಎಂದು ಮೇಷ್ಟರು ಹೇಳಿದಾಗ ಅವಳಿಗೆ ದೇವರ ಕರುಣೆಯ ಬಗ್ಗೆ ಯಾರೋ ಮೊದಲ ಸಲ ಲೆಕ್ಕ ಸಮೇತ ಹೇಳಿದಂತೆ ಅನಿಸಿತ್ತು. ಇಪ್ಪತ್ತೈದು ಮಿಲಿಮೀಟರಿನ ಆ ದಂಡಕ್ಕೆ ಅವಳು ಮೊದಲು ಬರೆದದ್ದು ಜಿ ಸಿಕ್ಸ್. ಅಂದರೆ ಇಪ್ಪತ್ತೈದಕ್ಕಿಂತ ಏಳರಿಂದ ಇಪ್ಪತ್ತು ಮೈಕ್ರಾನು, ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ, ಸಣ್ಣ. ದಂಡವೂ ಬುಷ್ಷೂ ತಮ್ಮ ತಮ್ಮ ನಡುವಿಗೆ ಬಿದ್ದರೆ ಅವುಗಳ ಮಧ್ಯೆ ಉಳಿಯುವ ಬಯಲು ಇಪ್ಪತ್ತನಾಲ್ಕು. ಎಣ್ಣೆ ನಿಲ್ಲಲು ಅಷ್ಟು ಸಾಕು, ಓಲಾಡಲು ಸಾಲದು. ಪುಸ್ತಕ ನೋಡಿ, ರಾತ್ರಿ ಹಾಸಿಗೆಯಲ್ಲಿ ಮತ್ತೆ ಲೆಕ್ಕ ಹಾಕಿ, ದೇವರ ಜಗಲಿಯ ಮುಂದೆ ಇಟ್ಟು ಬರೆದದ್ದು. ಮೊದಲ ಲಾಟು ಬಂತು, ಒಂದು ದಂಡವೂ ಬುಷ್ಷಿನೊಳಗೆ ಹೋಗಲಿಲ್ಲ. ಜೋಡಣೆಯವರು ದಂಡಗಳಿಗೆ ಎಮರಿ ಕಾಗದ ಹಚ್ಚಿ ತಿಕ್ಕಿದರು. ತಿಕ್ಕುತ್ತ ಒಬ್ಬ, ‘ಹೆಂಗಸಿನ ಡ್ರಾಯಿಂಗ್, ಹೆಂಗಸಿನ ಹಾಗೇ ಬಿಗಿ,’ ಎಂದು ಮರಾಠಿಯಲ್ಲಿ ಅಂದದ್ದು, ಉಳಿದವರು ನಕ್ಕದ್ದು, ಅವಳ ಕಿವಿಯೊಳಗೆ ಇನ್ನೂ ಇತ್ತು.

ಅವಳು ಅಳೆದು ನೋಡಿದ್ದಳು. ಎಲ್ಲ ದಂಡಗಳೂ ಮೇಲಿನ ಅಂಚಿಗೇ, ಎಲ್ಲ ಬುಷ್ಷುಗಳೂ ಕೆಳಗಿನ ಅಂಚಿಗೇ ಬಿದ್ದಿದ್ದವು: ದಂಡ ಆದಷ್ಟು ದಪ್ಪ, ತೂತು ಆದಷ್ಟು ಕಿರಿದು. ಡ್ರಾಯಿಂಗಿನ ಪ್ರಕಾರ ಒಂದೂ ತಪ್ಪಲ್ಲ. ಮಾಡಿದವನು ಫಕೀರಪ್ಪ ಕಾಕಾ, ಗ್ರೈಂಡರಿನ ಮೇಲೆ ಇಪ್ಪತ್ತು ವರ್ಷ ಕೈ ಪಳಗಿದವನು, ಶಾಪಿನಲ್ಲಿ ಅವಳನ್ನು ಕನ್ನಡದಲ್ಲಿ ಮಾತಾಡಿಸುತ್ತಿದ್ದ ಒಬ್ಬನೇ ಮನುಷ್ಯ, ಅವಳು ಮೇಲಿಂದ ಇಳಿದು ಬಂದರೆ ನಗದೆ ಸ್ಟೂಲು ಒರೆಸಿಕೊಡುತ್ತಿದ್ದವನು. ಮಾಲು ಉಳಿದರೆ ತಿಕ್ಕಬಹುದು, ಹೋದರೆ ಹೋಯಿತು, ಎಂಬುದು ಹಳೆಯ ಕೈಗಳ ಗಾದೆ. ಅವರು ಹೆದರಿ ಅಂಚಿಗೇ ನಿಲ್ಲುತ್ತಾರೆ, ನಡುವಿಗೆ ಬರುವುದಿಲ್ಲ. ಇವನೂ ಹಾಗೆಯೇ ಎಂದುಕೊಂಡಳು. ಹೋಗಿ ಹೇಳಬಹುದಿತ್ತು. ಅಷ್ಟು ಜನರ ಮುಂದೆ, ತಂದೆಯ ವಯಸ್ಸಿನವನಿಗೆ, ನಿಮ್ಮ ಕೈ ಹೆದರುತ್ತದೆ ಎಂದು ಹೇಗೆ ಹೇಳುವುದು? ಹೇಳಲಿಲ್ಲ. ಮೇಲೆ ಹೋಗಿ ರಬ್ಬರು ತೆಗೆದುಕೊಂಡು ಜಿ ಸಿಕ್ಸನ್ನು ಎಫ್ ಸೆವೆನ್ ಮಾಡಿದಳು. ದಂಡದ ಎರಡೂ ಅಂಚುಗಳನ್ನು ಕೆಳಗೆ ಸರಿಸಿಬಿಟ್ಟಳು. ಇನ್ನು ಕಾಕಾ ಹೆದರಿ ಮೇಲಂಚಿಗೆ ನಿಂತರೂ ಅದು ಸರಿಯಾದ ಜಾಗವೇ. ಮುಂದಿನ ಲಾಟು ಬಂದಾಗ ಬಯಲು ನೋಡಿದಳು: ಇಪ್ಪತ್ತನಾಲ್ಕು. ಮರುವರ್ಷವೂ ಇಪ್ಪತ್ತನಾಲ್ಕು, ಇಪ್ಪತ್ತೈದು. ಪ್ರತಿ ಲಾಟಿಗೂ ತನ್ನ ಜಾಣತನಕ್ಕೆ, ತನ್ನ ಒಳ್ಳೆಯತನಕ್ಕೆ ಒಳಗೊಳಗೇ ಕೈಮುಗಿದಳು. ಕಾಕಾ ನಿವೃತ್ತನಾದ. ಜೈಭೀಮ ಬಂದ. ಅವನ ಹೊಸ ಮಶೀನಿಗೆ ಹೆದರಿಕೆಯಿಲ್ಲ. ಬರೆದುಕೊಟ್ಟ ಎರಡು ಅಂಚುಗಳ ನಟ್ಟನಡುವೆ ಹೋಗಿ ಕೂರುತ್ತದೆ. ಬಯಲು ನಲವತ್ತಾಯಿತು.

ಹನ್ನೊಂದೂವರೆಗೆ ಗೇಟಿನಿಂದ ಫೋನು. ಜೈಭೀಮ ಬಂದಿದ್ದಾನೆ, ಒಳಗೆ ಬಿಡಲು ಹರ್ಷದಾ ಮ್ಯಾಡಮ್ ಬೇಡ ಎಂದಿದ್ದಾರೆ, ನೀವೇ ಬರುತ್ತೀರಾ ಎಂದು. ಯಾಕೆ ಎಲ್ಲರೂ ತನ್ನನ್ನೇ ಹುಡುಕಿಕೊಂಡು ಬರುತ್ತಾರೆ ಎಂದು ಬೈದುಕೊಳ್ಳುತ್ತ ಮಾಧುರಿ ಇಳಿದಳು. ಸೆಕ್ಯುರಿಟಿಯವನ ಕೋಣೆಯ ಬೆಂಚಿನ ಮೇಲೆ ಅವನೂ ಅವನ ಹೆಂಡತಿ ಶಿವಕಾಂತಾಳೂ ಕೂತಿದ್ದರು. ಕಲಬುರಗಿ ಕಡೆಯವರು, ಅವನ ತಾಯಿ ತಂದೆ ಗೇಟಿನ ಮುಂದಿನ ಇದೇ ಹೆದ್ದಾರಿಗೆ ಖಡಿ ಜಲ್ಲಿ ಹೊತ್ತವರು. ಅವನು ಮಶೀನು ಓಡಿಸುತ್ತಾನೆ, ಇವಳು ಅಳೆಯುತ್ತಾಳೆ, ವರದಿ ಬರೆದು ಕೆಳಗೆ ಸಹಿ ಹಾಕುವವಳೂ ಇವಳೇ. ನಂಬಲರ್ಹವಲ್ಲ ಎಂದು ಕಾಗದ ಹೇಳುತ್ತಿದ್ದದ್ದು ಈ ಹೆಂಗಸಿನ ಸಹಿಯನ್ನು. ತೊಡೆಯ ಮೇಲೆ ಮರದ ಪೆಟ್ಟಿಗೆ ಇಟ್ಟುಕೊಂಡು ನೇರ ಕೂತಿದ್ದಳು.

‘ಎರಡ್ನೂರ ನಲವತ್ತು ಪೀಸ್ ಮತ್ತ ಅಳತಿ ಮಾಡಿವ್ರಿ ಮೇಡಂ,’ ಎಂದ ಜೈಭೀಮ ಎದ್ದು ನಿಂತು. ‘ಮೂರ್ ಸಲ. ಒಂದೂ ಹೊರಗಿಲ್ರಿ. ಹೊರಗ ದೂರ ಇರ್ಲಿ, ಅಂಚಿಗೂ ಹೋಗಿಲ್ಲ. ಎಲ್ಲಾ ನಡುವಿಗೇ ಬಿದ್ದಾವ.’ ಅದನ್ನು ಹೇಳುವಾಗ ಅವನ ಮುಖದಲ್ಲಿ ಇಂಥ ಹೊತ್ತಿನಲ್ಲೂ ಒಂದು ಹೆಮ್ಮೆ ಬಂದುಹೋಯಿತು. ಆ ಹೆಮ್ಮೆ ಮಾಧುರಿಗೆ ಸಿಟ್ಟು ತರಿಸಿತು. ಯಾರು ಹೇಳಿದ್ದರು ಇವನಿಗೆ ನಡುವಿಗೆ ಹೊಡೆ ಎಂದು? ‘ಆದ್ರೂ ಒಂದ್ ಡೌಟ್ ಅದ್ರಿ. ಕೈ ಬಿಸಿಗಿ ಮೈಕ್ರೋಮೀಟರ್ ಹಿಗ್ಗತದ ಅಂತ ಈಕಿಗಿ ಹೇಳ್ಲತ್ತೀನಿ, ಕೇಳಲ್ಲಾಗ್ಯಾಳ. ನಿನ್ನೆ ಜಗಳಾನೇ ಆಯ್ತು.’

‘ಅರಿವಿ ಸುತ್ತೇ ಹಿಡೀತೀನ್ರಿ,’ ಎಂದಳು ಶಿವಕಾಂತಾ. ಗಂಡನಿಗಲ್ಲ, ಮಾಧುರಿಗೆ.

‘ನೋಡ್ತೀನಿ. ನೋಡಿ ಹೇಳ್ತೀನಿ,’ ಎಂದಳು ಮಾಧುರಿ. ತನ್ನ ದನಿ ತನಗೇ ಕೆಟ್ಟದಾಗಿ ಕೇಳಿಸಿತು, ಬ್ಯಾಂಕಿನ ಕಿಟಕಿಯ ಹಿಂದಿನ ದನಿಯ ಹಾಗೆ. ಪೆಟ್ಟಿಗೆ ತೆಗೆದು ತೋರಿಸಲು ಹೋದ ಶಿವಕಾಂತಾಳ ಕೈಯನ್ನು ಬೇಡ ಎಂದು ತಡೆದಳು. ನೋಡುವುದೇನಿತ್ತು? ಒಂಬತ್ತು ದಿನದ ಹಿಂದೆ ಇದೇ ವರದಿಯನ್ನು ಟೇಬಲ್ಲಿನ ಮೇಲೆ ಬಿಡಿಸಿದ ಕ್ಷಣಕ್ಕೇ, ಸಾಲಾಗಿ ಬಿದ್ದ ನಡುವಿನ ಅಂಕಿಗಳನ್ನು ನೋಡಿ ತಪ್ಪು ಎಲ್ಲಿದೆ ಎಂದು ಅವಳಿಗೆ ತಿಳಿದುಹೋಗಿತ್ತು. ಅದನ್ನು ಅವಳು ಅನುಮಾನ ಎಂದು ಕರೆದುಕೊಂಡಳು, ಇನ್ನೊಮ್ಮೆ ಲೆಕ್ಕ ನೋಡಬೇಕು ಎಂದುಕೊಂಡಳು, ಸೋಮವಾರ ಆಗಲಿ, ಏಕಾದಶಿ ಕಳೆಯಲಿ ಎಂದುಕೊಂಡಳು. ಇವರ ಜಾಗದಲ್ಲಿ ಕಾಕಾ ಕೂತಿದ್ದರೆ ಒಂಬತ್ತು ದಿನ ಕೂರಿಸುತ್ತಿದ್ದಳೇ? ಪ್ರಶ್ನೆ ಬಂದ ಕೂಡಲೇ ಅದರ ಬೆನ್ನಿಗೇ ಆ ಭಾನುವಾರವೂ ಬಂತು. ಜೈಭೀಮ ಮೊದಲ ಮಾದರಿ ತೋರಿಸಲು ಧನಕವಡಿಯ ಮನೆಗೆ ಬಂದಿದ್ದ. ಅವ್ವ ಸಾವಂತ್ರವ್ವ ಹೆಸರೇನಪ್ಪಾ ಎಂದು ಕೇಳಿದಳು, ಹೇಳಿದ, ಅವ್ವ ಓ ಎಂದು ಒಳಗೆ ಹೋದಳು. ಚಹಾ ಕಾಗದದ ಲೋಟದಲ್ಲಿ ಬಂತು. ಮನೆಯಲ್ಲಿ ಸ್ಟೀಲಿನ ಲೋಟ ಇಪ್ಪತ್ತಿದ್ದವು. ಮಾಧುರಿ ನೋಡಿದಳು, ನೋಡಲಿಲ್ಲ ಎಂಬಂತೆ ಡ್ರಾಯಿಂಗ್ ಬಿಡಿಸಿದಳು. ಹಿರಿಯಳು, ಅವಳಿಗೆ ಹೇಗೆ ಹೇಳುವುದು? ಅವನು ಕುಡಿದು, ಲೋಟವನ್ನು ನಾಲ್ಕು ಮಡಿಕೆ ಮಡಚಿ, ಕಸದ ಡಬ್ಬಿ ಎಲ್ಲಿ ಎಂದು ಕೇಳದೆ ಅಂಗಿಯ ಕಿಸೆಗೆ ಹಾಕಿಕೊಂಡು ಹೋದ. ‘ಬರ್ತೀವ್ರಿ ಮೇಡಂ,’ ಎಂದ ಈಗ. ಹೋಗಲಿಲ್ಲ, ಮತ್ತೆ ಬೆಂಚಿನ ಮೇಲೆ ಕೂತ. ಮಾಧುರಿ ಮೆಟ್ಟಿಲು ಹತ್ತುವಾಗ ಬೆನ್ನು ಉರಿಯುತ್ತಿತ್ತು.

ಅರ್ಧ ದಿನದ ರಜೆ ಬರೆದು ಅವಳು, ಕಾಕಾ ಈಗ ಮಗಳ ಮನೆಯಲ್ಲಿರುವ ಭೋರ್‌ಗೆ ಹೋಗುವ ಕೆಂಪು ಬಸ್ಸು ಹತ್ತಿದ್ದು ಸತ್ಯ ತಿಳಿಯಲೆಂದಲ್ಲ. ಸತ್ಯ ತನಗೆ ಗೊತ್ತಿದೆ ಎಂದೇ ಅವಳು ತಿಳಿದಿದ್ದಳು. ಅವಳಿಗೆ ಬೇಕಾಗಿದ್ದದ್ದು ಜೊತೆ. ಹೌದು, ನಾನು ಮಾಲು ಉಳಿಸಿ ಹೊಡೆಯುತ್ತಿದ್ದೆ, ನನ್ನ ಕೈಯ ರೂಢಿಯೇ ಹಾಗೆ, ಅದಕ್ಕೇ ಈ ಹುಡುಗಿ ಡ್ರಾಯಿಂಗ್ ಸಡಿಲ ಮಾಡಿದಳು ಎಂದು ಕಾಕಾ ಒಂದು ಮಾತು ಹೇಳಿದರೆ, ಹರ್ಷದಾಳ ಮುಂದೆ ತಪ್ಪು ಒಂಟಿಯಾಗಿ ನಿಲ್ಲುವುದಿಲ್ಲ. ಬಸ್ಸಿನಲ್ಲಿ ಜಾಗವಿರಲಿಲ್ಲ. ಯಾರದೋ ಗೊಬ್ಬರದ ಚೀಲ ಅವಳ ಕಾಲಿನ ಮೇಲೆ, ಯಾರದೋ ಮೊಣಕೈ ಪಕ್ಕೆಗೆ. ಕಾಪೂರಹೋಳದಲ್ಲಿ ಬಸ್ಸು ತಿರುಗಿ ನಿಂತು ಇಪ್ಪತ್ತು ನಿಮಿಷ ಹೊರಡಲಿಲ್ಲ. ಕಂಡಕ್ಟರು ಇಳಿದು ಯಾರ ಜೊತೆಗೋ ಅಳಿಯನ ವಿಷಯ ಮಾತಾಡುತ್ತಿದ್ದ. ಮಾತ್ರೆ ತಪ್ಪಿದ ಸದ್ದು ಅವಳ ತಲೆಯಲ್ಲಿ ಟಕಟ ಎನ್ನುತ್ತಲೇ ಇತ್ತು. ಬಸ್ಸಿನ ಬಾಗಿಲೂ ಅದೇ ಸದ್ದು ಮಾಡುತ್ತಿತ್ತು. ಇಡೀ ಮಹಾರಾಷ್ಟ್ರದಲ್ಲಿ ಒಂದಕ್ಕೊಂದು ಸರಿಯಾಗಿ ಕೂತ ವಸ್ತು ಒಂದೂ ಇಲ್ಲವೇ ಎಂದು ಅವಳಿಗೆ ಅಳು ಬರುವಷ್ಟು ಬೇಜಾರಾಯಿತು.

ಫಕೀರಪ್ಪ ಮಗಳು ರೇಣುವಿನ ಮನೆಯ ಕಟ್ಟೆಯ ಮೇಲೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದ. ಕಣ್ಣು ಬೀದಿಯ ಮೇಲೆ. ಬೆರಳು ತಾವಾಗಿಯೇ ಕಲ್ಲು ಹುಡುಕಿ ತೆಗೆಯುತ್ತಿದ್ದವು.

‘ಯಾರು, ಮಾಧುರಿ? ಬಾರವ್ವ ಬಾ. ಕಂಪನಿ ಮುಳಗೇತೇನು, ಇಷ್ಟು ದೂರ ಬಂದಿ?’

‘ಮುಳಗಾಕತ್ತದ್ರಿ ಕಾಕಾ. ನಿಮ್ಮಿಂದನಽ.’

ಅವನು ಗಟ್ಟಿಯಾಗಿ ನಕ್ಕ. ರೇಣು ಶಾಲೆಯ ಕೆಲಸಕ್ಕೆ ಹೋಗಿದ್ದಳು. ಚಹಾ ತಾನೇ ಮಾಡುತ್ತೇನೆಂದು ಏಳಹೊರಟವನನ್ನು ಮಾಧುರಿ ಕೂರಿಸಿದಳು. ‘ಒಂದು ಮಾತು ಖರೇ ಹೇಳ್ರಿ. ಆ ಪಟ್ಟಿ ಕತ್ತರ್ಸೋ ಮಶೀನಿನ ದಂಡ, ಇಪ್ಪತ್ತೈದರದು. ಅದನ್ನ ನೀವು ಮಾಲು ಉಳಿಸಿ ಹೊಡೀತಿದ್ರಿ ಹೌದಲ್ರಿ? ಮ್ಯಾಲಿನ ಅಂಚಿಗೆ?’

‘ಹೂಂ. ಅಂಚಿಗಽ. ಅದರ ಮ್ಯಾಲೆ ನೊಣಾ ಕುಂತ್ರೂ ರಿಜೆಕ್ಟ್ ಆಗಬೇಕು, ಹಂಗ.’

ಮಾಧುರಿಗೆ ಉಸಿರು ಬಂತು. ‘ಅದು ನಿಮ್ಮ ಕೈ ರೂಢಿ. ಎಲ್ಲಾ ಮಾಲೂ ಹಂಗಽ ಹೊಡೀತಿದ್ರಿ.’

‘ಎಲ್ಲಾ ಯಾಕ?’ ಫಕೀರಪ್ಪ ತಲೆ ಎತ್ತಿದ. ‘ಉಳದ ಮಾಲೆಲ್ಲಾ ನಡುವಿಗಽ ಹೊಡೀತಿದ್ದೆ. ಅದೊಂದಽ ಅಂಚಿಗೆ. ಅದನ್ನ ನೀ ತಪ್ಪು ಬರದಿದ್ದೆಲ್ಲ?’

ಎದುರಿನ ಮನೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಫಕೀರಪ್ಪ ಒಂದು ಕಲ್ಲು ಆರಿಸಿ ಬೀದಿಗೆ ಎಸೆದ.

‘ಜಿ ಇದ್ದದ್ದನ್ನ ಎಫ್ ಮಾಡಿ ಕಳಿಸಿದಿ. ನೋಡಿದ ಕೂಡ್ಲೆ ತಿಳೀತು, ಹುಡುಗಿ ಕೈ ತಪ್ಪೇತಿ ಅಂತ. ಬರದಂಗ ಹೊಡದ್ರ ಗಡಗಡ ಅಂತೈತಿ. ಆ ಮ್ಯಾಲಿನ ಸಾಹೇಬ ಮೊದಲಽ ಅಂತಿದ್ದ, ಹೆಣ್ಣಮಕ್ಕಳ ಕೈಯಾಗ ಪೆನ್ಸಿಲ್ ಕೊಟ್ರ ರಂಗೋಲಿ ಹಾಕ್ತಾರ ಅಂತ. ಅಂವನ ಕೈಯಾಗ ನಿನ್ನ ಕಾಗದಾ ಕೊಡ್ಲೇನು? ಸುಮ್ಮ ಅಂಚಿಗೆ ಹೊಡದು ಕೊಟ್ಟೆ. ಇವತ್ತಲ್ಲ ನಾಳೆ ತಾನಽ ನೋಡಿ ತಿದ್ದತಾಳ ಅಂತ.’

‘ಹದಿನೆಂಟು ವರ್ಷ, ಕಾಕಾ?’

‘ನೀ ಹದಿನೆಂಟು ವರ್ಷ ತಿದ್ದಲಿಲ್ಲ.’

ಅವಳು ಹೇಳಿದಳು. ಸಿಟ್ಟಿನಲ್ಲೇ ಹೇಳಿದಳು. ಅದು ಕೈ ತಪ್ಪಿದ್ದಲ್ಲ, ನಿಮ್ಮ ಸಲುವಾಗಿಯೇ ಸಡಿಲ ಬರೆದದ್ದು, ಮೊದಲ ಲಾಟು ಪೂರ್ತಿ ಬಿಗಿ ಬಂದಿತ್ತು, ಎಮರಿ ಕಾಗದ ಹಚ್ಚಿ ತಿಕ್ಕಿದರು, ನೆನಪಿಲ್ಲವೇ ಎಂದು. ಫಕೀರಪ್ಪನ ಬೆರಳು ಅಕ್ಕಿಯಲ್ಲಿ ನಿಂತವು.

‘ಆ ವಾರ ನಿಮ್ಮ ಕಾಕು, ನನ್ನ ಹೇಣ್ತಿ, ದವಾಖಾನ್ಯಾಗ ಇದ್ಲು,’ ಎಂದ. ‘ರಾತ್ರಿಯೆಲ್ಲಾ ಆಕಿ ಹಂತ್ಯಾಕ ಕುಂತು ಮುಂಜಾನೆ ಶಿಫ್ಟಿಗೆ ಬರ್ತಿದ್ದೆ. ಮೈಕ್ರೋಮೀಟರಿನ ಗೀಟು ಒಂದಿದ್ದದ್ದು ಎರಡು ಕಾಣ್ತಿದ್ವು. ಕಡಿಮಿ ಆಗಿ ಮಾಲು ಕೆಟ್ಟೀತು ಅಂತ ಎಲ್ಲಾ ಅಂಚಿಗೆ ಬಿಟ್ಟೆ. ಅದೊಂದಽ ಲಾಟು. ಮುಂದಿನ ವಾರ ಆಕಿ ಹೋದ್ಲು.’ ಆಮೇಲೆ ಅವಳ ಮುಖವನ್ನೇ ನೋಡಿ ಕೇಳಿದ: ‘ಒಂದು ವಾರದ ಮಾಲು ನೋಡಿ ಫಕೀರಪ್ಪನ ಕೈ ಇಂಥಾದ್ದು ಅಂದುಬಿಟ್ಟಿ?’

‘ಕೇಳೂದು ಹ್ಯಾಂಗ್ರಿ? ನೀವು ಹಿರಿಯಾರು.’

‘ಹಿರಿಯಾಂವಗ ಕಿವಿ ಇರೂದಿಲ್ಲೇನು?’

ಆ ಸಾವಿಗೆ ಮಾಧುರಿ ಹೋಗಿದ್ದಳು. ಹೂವಿನ ಹಾರ ಒಯ್ದಿದ್ದಳು. ಅದು ಅದೇ ತಿಂಗಳು ಎಂಬುದು ಇಷ್ಟು ವರ್ಷ ಹೊಳೆದಿರಲಿಲ್ಲ. ಅವಳ ಅಷ್ಟೂ ಮರ್ಯಾದೆಯ ತಳದಲ್ಲಿ ಒಬ್ಬ ಮನುಷ್ಯನನ್ನು ಎಂಟು ದಿನ ನೋಡಿ ತೂಗಿ ಇಟ್ಟ ಉಡಾಫೆಯಿತ್ತು. ಅವನ ಅಷ್ಟೂ ವಾತ್ಸಲ್ಯದ ತಳದಲ್ಲಿ ಹುಡುಗಿಗೆ ಎಫ್ ಯಾವುದು ಜಿ ಯಾವುದು ತಿಳಿಯದು ಎಂಬ ನಂಬಿಕೆಯಿತ್ತು. ಒಬ್ಬರನ್ನೊಬ್ಬರು ಹೀಗೆ ಹದಿನೆಂಟು ವರ್ಷ ಕ್ಷಮಿಸುತ್ತ ಬಂದಿದ್ದರು, ಪ್ರತಿ ಲಾಟಿನಲ್ಲಿ, ಇಪ್ಪತ್ತನಾಲ್ಕು ಮೈಕ್ರಾನಿನ ಹಾಗೆ ಕರಾರುವಾಕ್ಕಾಗಿ. ಮೊದಲು ಬರೆದ ಜಿ ಸಿಕ್ಸೇ ಸರಿಯಿತ್ತು. ಯಾರೂ ಯಾರಿಗೂ ಒಳ್ಳೆಯದು ಮಾಡದೆ ಸುಮ್ಮನಿದ್ದಿದ್ದರೆ ಎರಡನೆಯ ಲಾಟೇ ಸರಿ ಬರುತ್ತಿತ್ತು. ಅವಳಿಗೆ ಮೊರ ಕಸಿದುಕೊಂಡು ಬೀದಿಗೆ ಎಸೆಯಬೇಕೆನಿಸಿತು.

‘ಈಗ ಮಾಲು ಯಾರು ಹೊಡೀತಾರ?’

‘ಜೈಭೀಮ ಅಂತ. ನಮ್ಮ ಕಡೇಯಾವನಽ. ಬರದಂಗ ಹೊಡೀತಾನ.’

‘ಬರದಂಗ ಹೊಡದ್ರ ಅಂವಂದೇನು ತಪ್ಪು?’ ಎಂದವನು ಅವಳ ಕೈಚೀಲದ ಕಡೆ, ಅದರಿಂದ ಇಣುಕುತ್ತಿದ್ದ ಕಾಗದದ ಕಡೆ ನೋಡಿದ. ಅವನಿಗೆ ಓದುವುದು ಬೇಕಾಗಲಿಲ್ಲ. ‘ನನ್ನ ಹೆಸರು ಬರ್ಕೋಬೇಕಂದ್ರ ಬರ್ಕೋ ಯವ್ವಾ. ನನಗೀಗ ಯಾವ ಸಾಹೇಬ ಏನು ಮಾಡ್ಯಾನು? ಆದ್ರ ಅಂವಂದು ಬರೀಬ್ಯಾಡ.’

ಮರಳಿ ಬಂದಾಗ ಐದೂವರೆ. ಬೆಂಚಿನ ಮೇಲೆ ಯಾರೂ ಇರಲಿಲ್ಲ. ಮೂರಕ್ಕೆ ಹೋದರು ಎಂದ ಸೆಕ್ಯುರಿಟಿಯವನು. ಮಾಧುರಿ ಹರ್ಷದಾಳ ಎದುರಿನ ಕುರ್ಚಿಯಲ್ಲಿ ಕೂತು, ಡ್ರಾಯಿಂಗ್ ತಪ್ಪಿದೆ, ಎಫ್ ಸೆವೆನ್ ಅಲ್ಲ, ಜಿ ಸಿಕ್ಸ್ ಇರಬೇಕು, ಎಂದಳು. ಆಕಾಶ ಬೀಳುತ್ತದೆ ಎಂದುಕೊಂಡಿದ್ದಳು. ಹರ್ಷದಾ ಕಂಪ್ಯೂಟರಿನಿಂದ ಕಣ್ಣು ಕೂಡ ತೆಗೆಯಲಿಲ್ಲ.

‘ಹಾಗಾದರೆ ತಿದ್ದಿ. ಕಾರಣ ಅಂತ ಒಂದು ಖಾನೆ ಇದೆಯಲ್ಲ, ಅದರಲ್ಲಿ ಬೆರಳಚ್ಚಿನ ತಪ್ಪು ಅಂತ ಆರಿಸಿಕೊಳ್ಳಿ. ಯಾರೂ ಓದಲ್ಲ. ಹೊಸ ಡ್ರಾಯಿಂಗ್ ನಾಳೆಯಿಂದ. ಹಳೇ ಮಾಲು ಹಳೇ ಹಣೆಬರಹ. ಈ ಕಾಗದಕ್ಕೂ ಸಹಿ ಮಾಡಿಬಿಡಿ, ನೀವೂ ಪಾರು, ನಾನೂ ಪಾರು.’

ಎಷ್ಟು ಸುಲಭವಾಗಿತ್ತು. ದನಿಯಲ್ಲಿ ದ್ವೇಷವಿರಲಿಲ್ಲ, ಕರುಣೆಯೇ ಇತ್ತು. ವಯಸ್ಸಿನಲ್ಲಿ ದೊಡ್ಡವಳ ತಪ್ಪನ್ನು ಅಂಗೈಯಲ್ಲಿ ಹಿಡಿಯುತ್ತಿದ್ದಳು ಈ ಹುಡುಗಿಯೂ. ಮಾಧುರಿಗೆ ಒಮ್ಮೆಲೇ ರೋಸಿಹೋಯಿತು. ಸಾಕು ಈ ಕರುಣೆ, ಎಂದುಕೊಂಡಳೋ ಅಂದೇಬಿಟ್ಟಳೋ. ಕಾಗದ ಎಳೆದುಕೊಂಡು ಅಚ್ಚಾದ ಎರಡೂ ಸಾಲಿನ ಮೇಲೆ ಗೀಟು ಹಾಕಿ, ಕೆಳಗೆ ತನ್ನ ಕೈಯಿಂದ, ಮರಾಠಿಯಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದಳು: ಅಳತೆಯ ವರದಿ ಸರಿಯಿದೆ. ಮಾಲು ಡ್ರಾಯಿಂಗಿನಂತೆಯೇ ಇದೆ. ಡ್ರಾಯಿಂಗ್ ಹದಿನೆಂಟು ವರ್ಷದಿಂದ ತಪ್ಪು. ಗೊತ್ತಿದ್ದು ಬದಲಿಸಿದವಳು ನಾನು. ಕಾಕಾನ ಹೆಸರು ಬರೆಯಲಿಲ್ಲ. ಬರೆಯದಿದ್ದದ್ದು ಮರ್ಯಾದೆಗಲ್ಲ, ಅವನು ಬದಲಿಸಿರಲಿಲ್ಲ ಎಂಬ ಕಾರಣಕ್ಕೆ. ಸಹಿ ಹಾಕಿ ತಿರುಗಿಸಿ ಕೊಟ್ಟಳು.

ಹರ್ಷದಾ ಓದಿದಳು. ಎರಡು ಸಲ ಓದಿದಳು. ‘ಐದು ಮಶೀನಿಗೆ ಹೊಸ ದಂಡದ ಖರ್ಚು ನಮ್ಮ ತಲೆ ಮೇಲೆ ಬರುತ್ತೆ,’ ಎಂದಳು ಕೊನೆಗೆ. ‘ಸೋಮವಾರದಿಂದ ನೀವು ಬರೆದದ್ದು ಇನ್ನೊಬ್ಬರು ನೋಡಿದ ಮೇಲೇ ಕೆಳಗೆ ಹೋಗುತ್ತೆ. ಗೊತ್ತಿದೆಯಲ್ಲ? ನಿಮ್ಮ ಕೈಕೆಳಗೆ ಕಲಿತವರೇ ಇರಬಹುದು.’

‘ನೋಡಲಿ.’

‘ಯಾಕೆ ಮ್ಯಾಡಮ್ ಇಷ್ಟು ಹಟ?’

ಮಾಧುರಿ ಎದ್ದು ಹೊರಗೆ ಬಂದಳು. ಕಂಪನಿಯ ಬಸ್ಸು ಸ್ವಾರಗೇಟಿಗೆ ಹೊರಟು ಹಾರ್ನು ಹೊಡೆಯುತ್ತಿತ್ತು. ಹೋಗಲಿ ಎಂದು ಬಿಟ್ಟಳು. ಸೈಕಲ್ ಸ್ಟ್ಯಾಂಡಿನ ತಗಡಿನ ಕೆಳಗೆ ನಿಂತು ಜೈಭೀಮನಿಗೆ ಫೋನು ಮಾಡಿದಳು. ಅವನು ಎತ್ತಿದಾಗ ಹಿಂದೆ ಗ್ರೈಂಡರು ಓಡುತ್ತಿತ್ತು, ಒಂದೇ ಸಮನೆ. ತಪ್ಪು ಡ್ರಾಯಿಂಗಿನದು, ಬರೆದುಕೊಟ್ಟಿದ್ದೇನೆ, ನಿಮ್ಮ ಹೆಸರಿಗೆ ಏನೂ ಆಗುವುದಿಲ್ಲ ಎಂದಳು. ಅವನು ಉಪಕಾರ ಸ್ಮರಿಸುತ್ತಾನೆ ಎಂದು ಮನಸ್ಸಿನ ಯಾವುದೋ ಮೂಲೆ ಕಾಯುತ್ತಿತ್ತು. ಆ ಮೂಲೆಯ ಬಗ್ಗೆ ಅವಳಿಗೆ ಅಸಹ್ಯವಾಯಿತು.

‘ಹೌದಾ,’ ಎಂದ ಜೈಭೀಮ. ಆಮೇಲೆ, ‘ನಾ ಈಕಿಗಿ ಏನೇನೋ ಅಂದೀನ್ರಿ ಮೇಡಂ. ನಿನ್ನ ಕಣ್ಣು ಸರಿ ಇಲ್ಲ, ನಿನ್ನ ಕೈ ಸರಿ ಇಲ್ಲ, ನಿನ್ನಿಂದೇ ನನ್ನ ಅಂಗಡಿ ಮುಚ್ಚತದ ಅಂದೀನಿ. ಎರಡ್ನೂರ ನಲವತ್ತು ಪೀಸ್ ಮೂರ್ ಸಲ ಎಣಿಸಿ ಎಣಿಸಿ ಅಳತಿ ಮಾಡ್ಸಿನಿ. ಈಗ ನಾ ಏನಂತ ಹೇಳ್ಲಿ? ನೀವೇ ಹೇಳ್ರಿ,’ ಎಂದು, ಅವಳು ಏನಾದರೂ ಅನ್ನುವ ಮೊದಲೇ ಫೋನನ್ನು ಹೆಂಡತಿಯ ಕೈಗೆ ದಾಟಿಸಿದ.

ಆ ಕಡೆ ಬಳೆಯ ಸದ್ದಾಯಿತು.

‘ಶಿವಕಾಂತಾ ಅವರಽ, ನಿಮ್ಮ ಅಳತಿ ಸರಿ ಇತ್ರಿ,’ ಎಂದಳು ಮಾಧುರಿ.

‘ಅದು ನನಗ ಗೊತ್ತಿತ್ರಿ,’ ಎಂದಳು ಶಿವಕಾಂತಾ. ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ. ಅಂಕಿ ಓದುವ ದನಿ. ‘ನಿಮಗ ಯಾವತ್ತು ಗೊತ್ತಾಯ್ತು?’

ಹೇಳಬಹುದಾದ ಉತ್ತರಗಳು ಎಷ್ಟೋ ಇದ್ದವು. ಇವತ್ತು ಮಧ್ಯಾಹ್ನ, ಎನ್ನಬಹುದಿತ್ತು. ಅದೂ ಪೂರ್ತಿ ಸುಳ್ಳಲ್ಲ, ಎರಡು ಅಂಚುಗಳೊಳಗೆ ಎಲ್ಲೋ ಒಂದು ಕಡೆ ಬೀಳುತ್ತಿತ್ತು.

‘ನಿಮ್ಮ ವರದಿ ಬಿಡಿಸಿ ನೋಡಿದ ದಿವಸಾನಽ ಗೊತ್ತಾಗಿತ್ರಿ. ಒಂಬತ್ತು ದಿವಸ ಸುಮ್ಮನಿದ್ದೆ.’

ಶಿವಕಾಂತಾ ಫೋನು ಇಡಲಿಲ್ಲ. ಅದನ್ನು ಕಿವಿಯಿಂದ ಸರಿಸಿ ಗಂಡನ ಕಡೆ ತಿರುಗಿ, ಗ್ರೈಂಡರಿನ ಸದ್ದಿನ ಮೇಲೆ ಕೇಳಿಸುವಂತೆ ಅವಳು ಹೇಳಿದ್ದು ಮಾಧುರಿಗೆ ಸ್ಪಷ್ಟವಾಗಿ ಕೇಳಿಸಿತು:

‘ಮಶೀನ್ ಬಂದ್ ಮಾಡು. ಇವರು ಹೇಳ್ಲತ್ತಿದ್ದು ನೀನೂ ಕೇಳು.’

ಮಶೀನು ನಿಂತಿತು. ಮಾಧುರಿ ಮೊದಲಿನಿಂದ ಹೇಳಲು ಶುರು ಮಾಡಿದಳು.